ಒಬ್ಬಟ್ಟು ಬೇಡ ಅನ್ನಬೇಡಿ, ಎಳ್ಳು ನೋಡಿಕೊಳ್ಳಿ

ಹಲ್ಲು ಸೆಟ್ ಕಟ್ಟಿಸಿದವರು ಹಬ್ಬದ ದಿನ ಒಬ್ಬಟ್ಟು ಬಿಟ್ಟು ಗಂಜಿ, ಮೊಸರನ್ನ ತಿಂದರೆ ಸಾಕು ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನಮ್ಮಮ್ಮನಿಗೆ ಮೇಲೂ ಕೆಳಗೂ ಪೂರ್ತಿ ಸೆಟ್, ಆರು ವರ್ಷ ಆಯ್ತು. ಒಬ್ಬಟ್ಟನ್ನು ಬೆರಳಗಲ ಚೂರು ಮಾಡಿ, ಹಾಲು ತುಪ್ಪದಲ್ಲಿ ನೆನೆಸಿ, ಎರಡೂ ದವಡೆಗೆ ಸಮನಾಗಿ ಹಾಕಿಕೊಂಡು ಅಗಿಯುತ್ತಾರೆ. ಒಂದೇ ಕಡೆ ಅಗಿದರೆ ಸೆಟ್ ಇನ್ನೊಂದು ಕಡೆ ಎದ್ದುಬಿಡುತ್ತದೆ, ಅದೇ ತೊಂದರೆ. ನಮ್ಮ ಕೋಲಾರದ ಕಡೆ ಮುದ್ದೆ ಹೇಗೂ ನುಂಗುವುದು, ಅಗಿಯುವ ಮಾತೇ ಇಲ್ಲ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡಿದರೆ ಸಿಪ್ಪೆಯ ಕಾಟವೂ ಇಲ್ಲ ಅಲ್ವಾ?

ಹುಷಾರಾಗಿರಬೇಕಾದದ್ದು ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ. ನೀವು ಅದನ್ನು ಹೇಳಲೇ ಇಲ್ಲ. ಒಂದೇ ಒಂದು ಎಳ್ಳು ಸೆಟ್ ಅಡಿ ಸೇರಿದರೂ ವಸಡು ಚುಚ್ಚಿ ಪ್ರಾಣ ತಿನ್ನುತ್ತದೆ. ಹೋದ ವರ್ಷ ಅಮ್ಮ ನೆಂಟರ ಮಧ್ಯೆ ಎದ್ದು, ಸೆರಗು ಬಾಯಿಗೆ ಅಡ್ಡ ಹಿಡಿದು ಬಚ್ಚಲಿಗೆ ಹೋದರು. ಸೆಟ್ ತೊಳೆದು ಹಾಕಿಕೊಂಡರೂ ಆಮೇಲೆ ಏನೂ ಮುಟ್ಟಲಿಲ್ಲ. ನೋಡಿ ಸಂಕಟವಾಯಿತು. ಈಗ ಅವರ ಪಾಲಿನ ಎಳ್ಳು, ಕಡಲೆಬೀಜ, ಕೊಬ್ಬರಿ, ಬೆಲ್ಲ ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಉಂಡೆ ಕಟ್ಟಿಕೊಡುತ್ತೇನೆ.

ಇನ್ನೊಂದು ವಿಷಯ. ಮೇಲಿನ ಸೆಟ್ ಅಂಗುಳ ಮುಚ್ಚಿರುವುದರಿಂದ ಬಿಸಿ ಬೇಗ ಗೊತ್ತಾಗುವುದಿಲ್ಲ. ಸೆಟ್ ಹಾಕಿಕೊಂಡವರಿಗೆ ಸಾರು ಸ್ವಲ್ಪ ಆರಿಸಿ ಬಡಿಸಿ. ಪಂಕ್ತಿಯಲ್ಲಿ ಎಲ್ಲರೂ ಎದ್ದರು ಅಂತ ಅವರ ಎಲೆ ಎತ್ತಲು ಅವಸರ ಮಾಡಬೇಡಿ.