ಬದುಕಿದ್ದೀರಾ? ಹೆಬ್ಬೆಟ್ಟು ಇಡಿ

ನವೆಂಬರ್ ಬಂತೆಂದರೆ ಕನ್ನಡಿಗರಲ್ಲಿ ಎರಡು ಪಂಗಡ. ಒಂದು ಪಂಗಡ ಬಾವುಟ ಹಾರಿಸಿ, ಆರ್ಕೆಸ್ಟ್ರಾ ಕರೆಸಿ ರಾಜ್ಯೋತ್ಸವ ಮಾಡುತ್ತದೆ. ವಯಸ್ಸಾದ ಇನ್ನೊಂದು ಪಂಗಡ ಆಧಾರ್ ಕಾರ್ಡು, ಪಾಸ್‌ಬುಕ್ಕು, ಪಿಂಚಣಿ ಆದೇಶದ (ಪಿಪಿಒ) ನಂಬರು ಬರೆದಿಟ್ಟ ಚೀಟಿ ಎಲ್ಲವನ್ನೂ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು, ತಾನಿನ್ನೂ ಸತ್ತಿಲ್ಲ ಎಂದು ಸರ್ಕಾರಕ್ಕೆ ತಿಳಿಸಲು ಹೊರಡುತ್ತದೆ. ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡುವ ತಿಂಗಳಿದು. ಎಂಬತ್ತು ದಾಟಿದವರಿಗೆ ಕೇಂದ್ರ ಸರ್ಕಾರ ಅಕ್ಟೋಬರ್ 1ರಿಂದಲೇ ಅವಕಾಶ ಕೊಟ್ಟಿದೆ. ನವೆಂಬರ್ ತನಕ ಕಾಯಿಸಿದರೆ ಏನಾದೀತೋ ಎಂಬ ದೂರಾಲೋಚನೆ ಇರಬೇಕು.

ಹಿಂದೆಲ್ಲ ಈ ಕೆಲಸಕ್ಕೆ ಒಬ್ಬ ಗೆಜೆಟೆಡ್ ಅಧಿಕಾರಿ ಸಾಕಿತ್ತು. ಅವರ ಮನೆ ಜಗಲಿಯಲ್ಲಿ ಕೂತರೆ ಕಾಗದ ಒಳಗೆ ಹೋಗಿ ಸೀಲು ಬಿದ್ದು ಹೊರಗೆ ಬರುತ್ತಿತ್ತು. ಸಾಹೇಬರು ಬರುತ್ತಿರಲಿಲ್ಲ. ಮುಖ ನೋಡದೆಯೇ ‘ಸದರಿಯವರು ಈ ದಿನ ನನ್ನ ಸಮಕ್ಷಮ ಹಾಜರಾಗಿದ್ದು ಜೀವಂತ ಇರುತ್ತಾರೆ’ ಎಂದು ಹಸಿರು ಇಂಕಿನಲ್ಲಿ ರುಜು ಮಾಡಿಕೊಡುವಷ್ಟು ನಂಬಿಕೆ ಆಗ ಜಗತ್ತಿನಲ್ಲಿತ್ತು. 2014ರ ನವೆಂಬರ್ 10ರಂದು ಪ್ರಧಾನಿ ನರೇಂದ್ರ ಮೋದಿ ಆಧಾರ್‌ನಲ್ಲಿರುವ ಬೆರಳ ಗುರುತಿಗೆ ತಾಳೆ ನೋಡಿ ಜೀವಂತವೆಂದು ಒಪ್ಪುವ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆಗೆ ಚಾಲನೆ ಕೊಟ್ಟರು. ಈಗ ಮನುಷ್ಯ ಎದುರಿಗೇ ಕೂತಿರುತ್ತಾನೆ, ಕೆಮ್ಮುತ್ತಿರುತ್ತಾನೆ, ಟೋಕನ್ನಿನ ವಿಷಯಕ್ಕೆ ಪಕ್ಕದವನ ಜೊತೆ ಜಗಳ ಕಾಯುತ್ತಿರುತ್ತಾನೆ. ಯಂತ್ರಕ್ಕೆ ಮಾತ್ರ ಅನುಮಾನ.

ಆ ಯಂತ್ರವನ್ನು ಹತ್ತಿರದಿಂದ ನೋಡಿದ್ದೀರಾ? ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದು. ನಡುವೆ ಒಂದು ಗಾಜು, ಗಾಜಿನ ಕೆಳಗೆ ಕೆಂಪು ದೀಪ, ಹಿಂದೆ ರಬ್ಬರ್ ಬ್ಯಾಂಡ್ ಸುತ್ತಿದ ವೈರು. ಬೆಳಗಿನಿಂದ ಬಂದುಹೋದವರ ಎಣ್ಣೆ, ಬೆವರು, ವಿಭೂತಿ ಎಲ್ಲ ಆ ಗಾಜಿನ ಮೇಲಿರುತ್ತದೆ. ಕೌಂಟರಿನ ಹುಡುಗ ಅದನ್ನು ಅಂಗಿ ತುದಿಯಲ್ಲಿ ಒರೆಸಿ ‘ತೋರುಬೆರಳು ಇಡಿ’ ಅನ್ನುತ್ತಾನೆ. ‘ಒತ್ತಿ ಇಡಿ.’ ಒತ್ತುತ್ತಾರೆ. ‘ಅಷ್ಟು ಒತ್ಬೇಡಿ.’ ಬಿಡುತ್ತಾರೆ. ‘ಈಗ್ಯಾಕೆ ತೆಗೆದ್ರಿ?’ ಹತ್ತು ಬೆರಳೂ ಒಂದು ಸುತ್ತು ಮುಗಿದ ಮೇಲೆ ತೀರ್ಪು ಹೊರಬೀಳುತ್ತದೆ: ‘ಬೆರಳು ಬರ್ತಿಲ್ಲ.’

ಬೆರಳು ಅಲ್ಲೇ ಇರುತ್ತದೆ. ಎಪ್ಪತ್ತೆರಡು ವರ್ಷದಿಂದ ಎಲ್ಲಿಗೂ ಹೋಗಿಲ್ಲ.

ನಮ್ಮ ಬೀದಿಯಲ್ಲೊಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದ ಮೇಲೆ ಊರೂರಲ್ಲಿ ರಾತ್ರಿ ಶಾಲೆ ನಡೆದವಲ್ಲ, ಆಗ ಇವರು ಲಾಟೀನು ಹಿಡಿದು ಕೇರಿ ಕೇರಿ ತಿರುಗಿದವರು. ಹೆಬ್ಬೆಟ್ಟು ಒತ್ತುವುದು ನಾಚಿಕೆಗೇಡು, ರುಜು ಹಾಕುವುದು ಮರ್ಯಾದೆ ಎಂದು ಹೇಳಿಕೊಟ್ಟವರು. ಕೂಲಿ ಮುಗಿಸಿ ಬಂದ ಹೆಂಗಸರು ಸ್ಲೇಟಿನ ಮೇಲೆ ತಮ್ಮ ಹೆಸರನ್ನು ಸೊಟ್ಟಸೊಟ್ಟಗೆ ಬರೆದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಿದ್ದನ್ನು ಇವತ್ತಿಗೂ ಹೇಳುತ್ತಾರೆ. ಮೊನ್ನೆ ಅದೇ ಮೇಷ್ಟ್ರು, ಅವರಿಂದ ರುಜು ಕಲಿತ ಅದೇ ಹೆಂಗಸರು ಒಂದೇ ಸಾಲಿನಲ್ಲಿ ನಿಂತಿದ್ದರು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಹುಡುಗ ಕೈ ಅಡ್ಡ ಹಿಡಿದ: ‘ಸೈನ್ ಬೇಡ ಸಾರ್, ಅದನ್ನ ಯಾರು ಬೇಕಾದ್ರೂ ಹಾಕ್ತಾರೆ. ಹೆಬ್ಬೆಟ್ಟು ಇಡಿ.’ ಮೂವತ್ತು ವರ್ಷಗಳ ಸಾಕ್ಷರತಾ ಆಂದೋಲನ ಅಲ್ಲೇ ಬರ್ಖಾಸ್ತಾಯಿತು. ಓದಿದವರು, ಓದದವರು ಎಂಬ ಭೇದವನ್ನು ಅಳಿಸುವುದಾಗಿ ಸರ್ಕಾರ ಮಾತು ಕೊಟ್ಟಿತ್ತು. ಎಲ್ಲರನ್ನೂ ಹೆಬ್ಬೆಟ್ಟಾಗಿಸಿ ಅಳಿಸಿತು.

ಇನ್ನು ಯಾರ ಹೆಬ್ಬೆಟ್ಟು ಬರುತ್ತದೆ, ಯಾರದು ಬರುವುದಿಲ್ಲ ಎಂಬುದಕ್ಕೂ ಒಂದು ಲೆಕ್ಕವಿದೆ. ಇದೇ ನವೆಂಬರಿನಲ್ಲಿ ಮಲೆನಾಡಿನ ಅಡಿಕೆ ಚಪ್ಪರದ ಕೆಳಗೆ ಹೋಗಿ. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹನ್ನೊಂದರ ತನಕ ಹಸಿ ಅಡಿಕೆ ಸುಲಿಯುವ ಹೆಂಗಸರ ಕೈ ನೋಡಿ. ಚೊಗರು ಹತ್ತಿ ಬೆರಳ ತುದಿ ಕಪ್ಪಗೆ ಒಡೆದಿರುತ್ತದೆ, ಗೆರೆಗಳಿದ್ದ ಜಾಗದಲ್ಲಿ ಕತ್ತಿಯ ಗೀರುಗಳಿರುತ್ತವೆ. ಗಾರೆ ಕೆಲಸದವನ ಬೆರಳನ್ನು ಸಿಮೆಂಟು ತಿಂದಿದೆ, ಮನೆಗೆಲಸದವಳದನ್ನು ಪಾತ್ರೆ ತೊಳೆಯುವ ಸೋಪು ತಿಂದಿದೆ. ವಯಸ್ಸಾದರೆ ಚರ್ಮ ಸಡಿಲವಾಗಿ ಗೆರೆಗಳು ತಾವಾಗಿಯೇ ಮಾಸುತ್ತವೆ. ಇವರು ತಿಂಗಳ ಅಕ್ಕಿಗೆಂದು ಪಡಿತರ ಅಂಗಡಿಯಲ್ಲಿ ಬೆರಳಿಟ್ಟರೆ ಯಂತ್ರ ಗುರುತು ಸಿಗದ ನೆಂಟರ ಹಾಗೆ ಸುಮ್ಮನೆ ನೋಡುತ್ತದೆ. ಜೀವಮಾನವಿಡೀ ಫೈಲನ್ನು ಮುಟ್ಟದೆ ಮುಂದಕ್ಕೆ ತಳ್ಳಿದವರ ಬೆರಳಾದರೋ ಷೋರೂಮಿನಿಂದ ಈಗಷ್ಟೇ ತಂದಂತಿರುತ್ತದೆ, ಒಂದೇ ಸಲಕ್ಕೆ ಬೀಪ್ ಅನ್ನುತ್ತದೆ. ದುಡಿದವರನ್ನು ಇಷ್ಟು ಕರಾರುವಾಕ್ಕಾಗಿ ಹುಡುಕಿ ಹೊರಗೆ ನಿಲ್ಲಿಸುವ ಯಂತ್ರ ಬೇರೊಂದಿಲ್ಲ.

ಜನ ಸುಮ್ಮನೆ ಕೂತಿಲ್ಲ. ಬೆರಳಿಗೆ ಅವರದೇ ಆದ ಆಯುರ್ವೇದ ಹುಟ್ಟಿಕೊಂಡಿದೆ. ನಿಂಬೆಹಣ್ಣು ತಿಕ್ಕಿ, ಟೂತ್‌ಪೇಸ್ಟ್ ಹಚ್ಚಿ, ಕೊಬ್ಬರಿ ಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟು ಬನ್ನಿ. ಏನೂ ಸಿಗದಿದ್ದರೆ ತಲೆಕೂದಲಿಗೆ ಉಜ್ಜಿ ಇಡಿ. ಇದನ್ನು ಹೇಳುವಾಗ ಮುಂದೆ ನಿಂತವರ ತಲೆಯಲ್ಲಿ ಕೂದಲಿದೆಯೇ ಎಂದು ಯಾರೂ ನೋಡುವುದಿಲ್ಲ.

2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆಧಾರ್ ವಿಚಾರಣೆ ನಡೆಯುತ್ತಿದ್ದಾಗ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ನಮಗೆಲ್ಲ ಧೈರ್ಯ ತುಂಬಿದ್ದರು. ನಮ್ಮ ಮಾಹಿತಿ 13 ಅಡಿ ಎತ್ತರದ, 5 ಅಡಿ ದಪ್ಪದ ಗೋಡೆಗಳ ಹಿಂದೆ ಭದ್ರವಾಗಿದೆ ಎಂದಿದ್ದರು. ಕಳ್ಳರು ಏಣಿ ಹಾಕಿಕೊಂಡು ಬರುತ್ತಾರೆಂದು ಅಂದುಕೊಂಡಿದ್ದರೋ ಏನೋ. ಅದೇ ತಿಂಗಳು ಆಧಾರ್ ಪ್ರಾಧಿಕಾರದ ಮುಖ್ಯಸ್ಥರು ಅದೇ ಕೋರ್ಟಿಗೆ ಕೊಟ್ಟ ಲೆಕ್ಕದ ಪ್ರಕಾರ ಸರ್ಕಾರಿ ಸೇವೆಗಳಲ್ಲಿ ದೃಢೀಕರಣ ಯಶಸ್ವಿಯಾಗುತ್ತಿದ್ದುದು ಶೇ 88. ಉಳಿದ ಹನ್ನೆರಡು ಸಲ ನಮ್ಮ ಬೆರಳಿಗೂ ಗೋಡೆ ದಾಟಲಾಗಿಲ್ಲ, ಅಷ್ಟು ಭದ್ರತೆ! ಬ್ಯಾಂಕು, ಟೆಲಿಕಾಂನವರ ಬಳಿ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತಂತೆ. ಸಿಮ್ ಮಾರುವವನಿಗೆ ಕಾಣುವ ಬೆರಳು ಅಕ್ಕಿ ಕೊಡುವವನಿಗೆ ಕಾಣುವುದಿಲ್ಲ.

ಕೋರ್ಟು ಸುಮ್ಮನಿರಲಿಲ್ಲ ಅನ್ನಿ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ, ದೃಢೀಕರಣ ವಿಫಲವಾಯಿತೆಂದು ಯಾರಿಗೂ ಸವಲತ್ತು ತಪ್ಪಬಾರದು ಎಂದೇ ಹೇಳಿತು. ಮೇಷ್ಟ್ರು ಪೇಪರ್ ಓದುವವರಲ್ಲವೇ, ಕೌಂಟರಿನಲ್ಲಿ ಅದನ್ನು ಹೇಳಿಯೂ ನೋಡಿದರು. ಹುಡುಗ ಪಾಪ, ವಿನಯವಂತ. ‘ತೀರ್ಪು ಬಂದಿದೆ ಸಾರ್, ಸಾಫ್ಟ್‌ವೇರಲ್ಲಿ ಇನ್ನೂ ಬಂದಿಲ್ಲ’ ಎಂದ.

ಇಷ್ಟೆಲ್ಲ ಕಾವಲು ಯಾವ ಖಜಾನೆಗೆ ಎಂದು ಕೇಳಬೇಡವೇ? ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ಎಂಬತ್ತರೊಳಗಿನವರಿಗೆ ತಿಂಗಳಿಗೆ 200 ರೂಪಾಯಿ. 2007ರಿಂದಲೂ ಅಷ್ಟೇ. ಅದಕ್ಕೆ ಕರ್ನಾಟಕ ಸರ್ಕಾರ ತನ್ನದನ್ನು ಸೇರಿಸುವುದರಿಂದ ಇಲ್ಲಿನ ಮುದುಕರ ಕೈಗೆ ಒಂದಿಷ್ಟು ಹೆಚ್ಚು ಬರುತ್ತದೆ. ಖಾಸಗಿ ಕಾರ್ಖಾನೆಗಳಲ್ಲಿ ದುಡಿದು ಭವಿಷ್ಯನಿಧಿ ಕಟ್ಟಿದವರ ಕತೆ ಇನ್ನೂ ಸ್ವಾರಸ್ಯ. ಅವರ ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ನಿಗದಿಯಾದದ್ದು 2014ರ ಸೆಪ್ಟೆಂಬರಿನಲ್ಲಿ. ಅವರು ಬದುಕಿದ್ದಾರೋ ಇಲ್ಲವೋ ಎಂದು ನೋಡುವ ಡಿಜಿಟಲ್ ಯಂತ್ರ ಬಂದದ್ದು ಎರಡೇ ತಿಂಗಳ ನಂತರ. ಆಮೇಲೆ ನೋಡುವ ಯಂತ್ರ ಬೆರಳಿನಿಂದ ಕಣ್ಣಿಗೆ, ಕಣ್ಣಿನಿಂದ ಮುಖಕ್ಕೆ ಬೆಳೆಯಿತು. ಸಾವಿರ ರೂಪಾಯಿ ಮಾತ್ರ ಬೆಳವಣಿಗೆ ನಿಂತ ಮಗು. ಹೆಚ್ಚಿಸಿ ಎಂದು ಮುದುಕರು ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕೂತದ್ದೂ ಆಯಿತು. ಬದುಕಿದ್ದಾರೆ ಎನ್ನುವುದಕ್ಕೆ ಅದಕ್ಕಿಂತ ಜೋರಾದ ಪುರಾವೆ ಬೇಕೇ? ಆದರೆ ಘೋಷಣೆ ಕೂಗಿದ್ದನ್ನು ಅಪ್‌ಲೋಡ್ ಮಾಡಲು ಪೋರ್ಟಲ್ಲಿನಲ್ಲಿ ಆಯ್ಕೆ ಇಲ್ಲ.

ನನಗೆ ಅರ್ಥವಾಗದ್ದು ಇನ್ನೊಂದು. ಸಾವಿನ ಲೆಕ್ಕ ಸರ್ಕಾರದ ಹತ್ತಿರವೇ ಇದೆ. 1969ರ ಕಾಯ್ದೆಯ ಪ್ರಕಾರ ಯಾರಾದರೂ ಸತ್ತರೆ 21 ದಿನದೊಳಗೆ ನೋಂದಾಯಿಸಬೇಕು. 2023ರ ಅಕ್ಟೋಬರಿನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಇಡೀ ದೇಶಕ್ಕೆ ಒಂದೇ ದತ್ತಾಂಶ ಭಂಡಾರ ಎಂದೂ ಬರೆದುಕೊಂಡಿದ್ದಾರೆ. ಸತ್ತವರ ಪಟ್ಟಿ ಆ ಇಲಾಖೆಯಲ್ಲಿ, ಪಿಂಚಣಿಯವರ ಪಟ್ಟಿ ಈ ಇಲಾಖೆಯಲ್ಲಿ. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಕೆಲಸ ಮುಗಿಯಬೇಕು. ಆದರೆ ಒಂದು ಇಲಾಖೆಯ ಕಂಪ್ಯೂಟರು ಇನ್ನೊಂದರ ಜೊತೆ ಮಾತಾಡುವುದಿಲ್ಲ, ದಾಯಾದಿ ಜಗಳ. ಹಾಗಾಗಿ ಎರಡು ಸರ್ವರ್‌ಗಳ ನಡುವೆ ಕೇಬಲ್ ಮಾಡಬೇಕಾದ ಕೆಲಸವನ್ನು ಮಂಡಿನೋವಿನ ಮುದುಕರು ಬೆಳಗಿನ ಬಸ್ಸು ಹತ್ತಿ ಮಾಡುತ್ತಿದ್ದಾರೆ. ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಾದರೂ ಉಚಿತ. ಕಂಡಕ್ಟರ್ ಒಮ್ಮೆ ಕಾರ್ಡು ನೋಡುತ್ತಾನೆ, ಒಮ್ಮೆ ಮುಖ ನೋಡುತ್ತಾನೆ, ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ. ಮನುಷ್ಯರ ಮುಖ ನೋಡಿ ನಂಬುವ ಅಧಿಕಾರ ಉಳಿದಿರುವ ಕೊನೆಯ ಸರ್ಕಾರಿ ನೌಕರ ಅವನೇ ಇರಬೇಕು.

ಉತ್ತರ ಪ್ರದೇಶದ ಆಜಂಗಢದಲ್ಲಿ ಲಾಲ್ ಬಿಹಾರಿ ಎಂಬವರಿದ್ದಾರೆ. ಕಂದಾಯ ದಾಖಲೆಯಲ್ಲಿ ಅವರನ್ನು ಸಾಯಿಸಿದ್ದರು. ಬದುಕಿದ್ದೇನೆಂದು ಸಾಬೀತು ಮಾಡಲು ಹೆಸರಿನ ಮುಂದೆ ‘ಮೃತಕ್’ ಎಂದು ಸೇರಿಸಿಕೊಂಡರು, ತಮ್ಮಂಥವರದೊಂದು ಸಂಘ ಕಟ್ಟಿದರು, 1989ರಲ್ಲಿ ಅಮೇಠಿಯಲ್ಲಿ ರಾಜೀವ್ ಗಾಂಧಿ ವಿರುದ್ಧ ಚುನಾವಣೆಗೂ ನಿಂತರು. ಸರ್ಕಾರ ಅವರಿಗೆ ಜೀವ ಮರಳಿಸಿದ್ದು 1994ರಲ್ಲಿ. ಅವರನ್ನು ಸಾಯಿಸಲು ಸಂಬಂಧಿಕರು, ಲಂಚ, ಜಮೀನು, ಇಷ್ಟೆಲ್ಲ ಬೇಕಾಗಿತ್ತು. ಈಗ ನೆಟ್‌ವರ್ಕ್ ಒಂದು ಕಡ್ಡಿ ಕಡಿಮೆಯಾದರೆ ಸಾಕು, ಯಾರಿಗೂ ಚಹಾ ಕುಡಿಸಬೇಕಾಗಿಲ್ಲ.

ಮೇಷ್ಟ್ರ ಬೆರಳು ಕೊನೆಗೂ ಬರಲಿಲ್ಲ. ಅವರನ್ನು ಪಕ್ಕಕ್ಕೆ ಕೂರಿಸಿ, ಹಿಂದೆ ನಿಂತಿದ್ದ ಅಜ್ಜಿಯನ್ನು ಕರೆದರು. ಗಂಡನ ಕುಟುಂಬ ಪಿಂಚಣಿ ಬರುತ್ತದೆ, ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. 2021ರ ನವೆಂಬರಿನಿಂದ ಮುಖ ತೋರಿಸಿದರೂ ನಡೆಯುತ್ತದೆಯಲ್ಲ, ಹುಡುಗ ಮೊಬೈಲನ್ನು ಅಜ್ಜಿಯ ಮುಖದ ಮುಂದೆ ಹಿಡಿದ.

‘ಕಣ್ಣು ಮಿಟುಕಿಸಿ ಅಜ್ಜಿ.’

‘ಈ ವಯಸ್ಸಲ್ಲಿ ಯಾರಿಗೋ?’

‘ಮೊಬೈಲಿಗೆ ಅಜ್ಜಿ. ಮಿಟುಕಿಸ್ದೇ ಇದ್ರೆ ಫೋಟೋ ಅಂದ್ಕೊಳತ್ತೆ.’

ಅಜ್ಜಿ ಮಿಟುಕಿಸಿದರು. ಹಸಿರು ಗೆರೆ ಒಂದು ಸುತ್ತು ತಿರುಗಿ ಒಪ್ಪಿಕೊಂಡಿತು. ಪ್ರಿಂಟರ್ ಗೊರಗೊರ ಎಂದು ಕಾಗದ ಹೊರಗೆ ತಳ್ಳಿತು. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಲ್ಯಾಮಿನೇಷನ್ ಮಾಡಿಸಿಟ್ಟುಕೊಳ್ಳಲೇ ಎಂದು ಕೇಳಿದರು.

‘ದುಡ್ಡು ದಂಡ ಅಜ್ಜಿ’ ಎಂದ ಹುಡುಗ, ಮುಂದಿನ ಟೋಕನ್ ಕರೆಯುತ್ತಾ, ‘ಒಂದು ವರ್ಷಕ್ಕಷ್ಟೇ ವ್ಯಾಲಿಡ್ ಇದು.’