ಥೆಲ್ಮಾ ರಿಟರ್ ಬರೀ ಮನೆಕೆಲಸದವಳ ಪಾತ್ರದ ನಟಿಯೇ?

ನಿಮ್ಮ ಲೇಖನದಲ್ಲಿ ಹಾಲಿವುಡ್ ನಟಿ ಥೆಲ್ಮಾ ರಿಟರ್ ಅವರನ್ನು 'ಮನೆಕೆಲಸದವಳ ಪಾತ್ರಗಳಿಗೆ ಹೆಸರಾದ ನಟಿ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಇದು ಅವರಿಗೆ ಮಾಡಿದ ಅನ್ಯಾಯ.

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 1902ರಲ್ಲಿ ಹುಟ್ಟಿದ ಅವರು ಸಿನಿಮಾಕ್ಕೆ ಬಂದಾಗ ವಯಸ್ಸು 45ರ ಆಸುಪಾಸು. 'ಮಿರಾಕಲ್ ಆನ್ 34ತ್ ಸ್ಟ್ರೀಟ್'ನಲ್ಲಿ (1947) ಮಗನಿಗೆ ಆಟಿಕೆ ಹುಡುಕಿ ಸುಸ್ತಾದ ತಾಯಿಯ ಪಾತ್ರ. ತೆರೆಯ ಮೇಲೆ ಹೆಸರೂ ಇಲ್ಲ, ಆದರೂ ನೋಡಿದವರು ಮರೆಯಲಿಲ್ಲ.

ಅವರ ನಿಜವಾದ ಎತ್ತರ ತಿಳಿಯಬೇಕಾದರೆ 'ಪಿಕಪ್ ಆನ್ ಸೌತ್ ಸ್ಟ್ರೀಟ್' (1953) ನೋಡಿ. ಅದರಲ್ಲಿ ಅವರದು ಮೋ ಎಂಬ ಪಾತ್ರ. ಟೈ ಮಾರುತ್ತಾ ಪೊಲೀಸರಿಗೆ ಸುಳಿವು ಕೊಡುವ ಮುದುಕಿ. ಅನಾಥ ಹೆಣವಾಗಬಾರದೆಂದು ಸಮಾಧಿ ಜಾಗಕ್ಕೆ ಕಾಸು ಕೂಡಿಡುತ್ತಾಳೆ. ಕೊಲೆಗಾರ ಕೋಣೆಗೆ ಬಂದಾಗ ಆಕೆ ಕಿರುಚುವುದಿಲ್ಲ, ಬೇಡಿಕೊಳ್ಳುವುದೂ ಇಲ್ಲ. ದಣಿದ ದನಿಯಲ್ಲಿ ಮಾತಾಡುತ್ತಾಳೆ, ಗ್ರಾಮಫೋನ್ ಹಾಡುತ್ತಿರುತ್ತದೆ. ಗುಂಡಿನ ಸದ್ದಷ್ಟೇ ನಮಗೆ ಕೇಳುವುದು. ಎಷ್ಟು ಸಲ ನೋಡಿದರೂ ಗಂಟಲು ಕಟ್ಟುತ್ತದೆ.

'ರಿಯರ್ ವಿಂಡೋ'ದ ನರ್ಸ್ ಸ್ಟೆಲ್ಲಾಳನ್ನೂ ನೆನೆಯಿರಿ: ನಾಯಕನ ಬೆನ್ನಿಗೆ ಎಣ್ಣೆ ತಿಕ್ಕುತ್ತಲೇ ಬುದ್ಧಿ ಹೇಳುತ್ತಾಳೆ. ಕೈ ಕೆಲಸದಲ್ಲಿ, ಮಾತು ತನ್ನ ಪಾಡಿಗೆ. ಅದೇ ಅವರ ವರಸೆ.

ಪೋಷಕ ನಟಿ ವಿಭಾಗದಲ್ಲಿ ಆಸ್ಕರ್‌ಗೆ 6 ಸಲ ನಾಮನಿರ್ದೇಶನ, ಮೊದಲ 4 ಸತತವಾಗಿ. ಒಂದೂ ಬರಲಿಲ್ಲ. 'ಆಲ್ ಅಬೌಟ್ ಈವ್'ಗೆ ಅವರು ನಾಮನಿರ್ದೇಶನಗೊಂಡಾಗ ಅದೇ ಚಿತ್ರದ ಸೆಲೆಸ್ಟ್ ಹೋಮ್ ಕೂಡ ಕಣದಲ್ಲಿದ್ದರು. ಮತ ಹಂಚಿಹೋಗಿರಬೇಕು ಅನ್ನಿಸುತ್ತದೆ. ರಂಗಭೂಮಿ ಮಾತ್ರ ಕೈಬಿಡಲಿಲ್ಲ: 'ನ್ಯೂ ಗರ್ಲ್ ಇನ್ ಟೌನ್' ಸಂಗೀತ ನಾಟಕಕ್ಕೆ 1958ರಲ್ಲಿ ಅಮೆರಿಕದ ರಂಗಭೂಮಿ ಪ್ರಶಸ್ತಿಯಾದ ಟೋನಿ ಬಂತು, ಸಹನಟಿ ಗ್ವೆನ್ ವೆರ್ಡನ್ ಜೊತೆ ಹಂಚಿಕೊಂಡು. ಲೇಖನಕ್ಕೆ ದಯವಿಟ್ಟು ಇದನ್ನೂ ಸೇರಿಸಿ.