ಕಿಟ್ಟೆಲರು ಕಣ್ಣುಮುಚ್ಚಿದ ಊರು

ಜರ್ಮನಿಗೆ ಹೋಗಿಬರುವ ನಮ್ಮವರು ಹೈಡೆಲ್‌ಬರ್ಗಿನ ಕೋಟೆಯನ್ನೂ ಬವೇರಿಯಾದ ಅರಮನೆಗಳನ್ನೂ ತಪ್ಪದೆ ನೋಡುತ್ತಾರೆ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಟ್ಯೂಬಿಂಗನ್ನಿಗೆ ಹೋಗುವವರು ಮಾತ್ರ ವಿರಳ. ಕನ್ನಡಿಗರು ಮೊದಲು ನೋಡಬೇಕಾದ ಜರ್ಮನ್ ಊರು ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ನಿಘಂಟುಕಾರ ಫರ್ಡಿನಾಂಡ್ ಕಿಟ್ಟೆಲರು 1903ರ ಡಿಸೆಂಬರಿನಲ್ಲಿ ಕೊನೆಯುಸಿರೆಳೆದದ್ದು ಇಲ್ಲಿಯೇ.

ನೆಕ್ಕಾರ್ ನದಿಯ ದಡದಲ್ಲಿರುವ ಈ ಊರಿನ ಜನಸಂಖ್ಯೆ ಒಂದು ಲಕ್ಷಕ್ಕಿಂತ ಕಡಿಮೆ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗೆ ಜರ್ಮನಿಯ ಎಷ್ಟೋ ನಗರಗಳು ನೆಲಸಮವಾದರೂ ಟ್ಯೂಬಿಂಗನ್ನಿನ ಹಳೆಯ ಪೇಟೆ ಬಹುಮಟ್ಟಿಗೆ ಉಳಿದುಕೊಂಡಿತು. ಹೀಗಾಗಿ ಮರದ ಚೌಕಟ್ಟಿನ ಮನೆಗಳ ನಡುವಿನ ಇಕ್ಕಟ್ಟಾದ ಏರುದಾರಿಗಳನ್ನು ಹತ್ತಿ ಮಾರುಕಟ್ಟೆಯ ಚೌಕಕ್ಕೆ ಬಂದರೆ, 15ನೆಯ ಶತಮಾನದಲ್ಲಿ ಕಟ್ಟಿದ ಪುರಭವನವೂ ಅದರ ಮುಂಗೋಡೆಯಲ್ಲಿ ಯೋಹಾನೆಸ್ ಷ್ಟೋಫ್ಲರ್ ಎಂಬ ಖಗೋಳಜ್ಞ 1511ರಲ್ಲಿ ರೂಪಿಸಿದ ಗಡಿಯಾರವೂ ಕಣ್ಣೆದುರು ನಿಲ್ಲುತ್ತವೆ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ನದಿಯಂಚಿನ ಹಳದಿ ಬಣ್ಣದ ಗೋಪುರ. ಮನಸ್ಸಿನ ಸಮತೋಲ ಕಳೆದುಕೊಂಡ ಕವಿ ಹೋಲ್ಡರ್ಲಿನ್‌ನನ್ನು ಎರ್ನ್‌ಸ್ಟ್ ಝಿಮ್ಮರ್ ಎಂಬ ಬಡಗಿ 1807ರಲ್ಲಿ ಈ ಮನೆಗೆ ಕರೆತಂದ. ಬಡಗಿಯ ಕುಟುಂಬದ ಆರೈಕೆಯಲ್ಲಿ ಕವಿ 36 ವರ್ಷ ಇಲ್ಲಿ ಬಾಳಿದ. ಅಲ್ಲಿಗೆ ಸಮೀಪದಲ್ಲೇ ಇರುವ ಷ್ಟಿಫ್ಟ್ ಎಂಬ ಧರ್ಮಶಾಸ್ತ್ರದ ವಿದ್ಯಾನಿಲಯದಲ್ಲಿ ಖಗೋಳಜ್ಞ ಕೆಪ್ಲರ್ ಓದಿದ್ದ, ಮುಂದೆ ತತ್ತ್ವಜ್ಞಾನಿಗಳಾದ ಹೆಗೆಲ್ ಮತ್ತು ಷೆಲ್ಲಿಂಗ್ ಹಾಗೂ ಇದೇ ಹೋಲ್ಡರ್ಲಿನ್ ಜೊತೆಯಾಗಿ ಓದಿದ್ದರು. ಕನ್ನಡ ನಾಡಿನಲ್ಲಿ ದುಡಿದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗರು ಧರ್ಮಶಾಸ್ತ್ರ ಕಲಿತದ್ದೂ ಈ ಊರಿನಲ್ಲೇ. ಕವಿ ತೀರಿಕೊಂಡದ್ದು 1843ರ ಜೂನ್ 7ರಂದು. ತಿಂಗಳೊಳಗೆ, ಜುಲೈ 1ರಂದು, ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಬಂದು ಕನ್ನಡ ಪತ್ರಿಕೋದ್ಯಮ ಕಣ್ತೆರೆಯಿತು. ಈ ಎರಡು ದಿನಾಂಕಗಳನ್ನು ಒಟ್ಟಿಗೆ ನೆನೆದಾಗ ನನಗೆ ಮೈ ನವಿರೆದ್ದಿತು.

ಗುಡ್ಡದ ಮೇಲಿನ ಹೋಯೆನ್‌ಟ್ಯೂಬಿಂಗನ್ ಕೋಟೆಯನ್ನೂ ಬಿಡಬಾರದು. ಅಲ್ಲಿನ ಹಳೆಯ ಅಡುಗೆಮನೆಯೇ ಪ್ರಯೋಗಾಲಯವಾಗಿದ್ದ ಕಾಲದಲ್ಲಿ, 1869ರಲ್ಲಿ, ಫ್ರೀಡ್ರಿಕ್ ಮೀಷರ್ ಎಂಬ ವಿಜ್ಞಾನಿ ಗಾಯದ ಪಟ್ಟಿಗಳ ಕೀವಿನ ಕಣಗಳಿಂದ ಇಂದು ನಾವು ಡಿಎನ್ಎ ಎನ್ನುವ ವಸ್ತುವನ್ನು ಮೊದಲ ಬಾರಿಗೆ ಬೇರ್ಪಡಿಸಿದ.

1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು; ದಶಕಗಳ ದುಡಿಮೆಯ ಫಲವಾದ ಸುಮಾರು 70,000 ಪದಗಳ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎರಡು ವರ್ಷಗಳ ಬಳಿಕ, 1477ರಲ್ಲಿ ಸ್ಥಾಪನೆಯಾದ ಇಲ್ಲಿನ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಪರದೇಶದ ಹಳೆಯ ವಿದ್ಯಾಪೀಠವೊಂದು ಕನ್ನಡದ ಕೆಲಸವನ್ನು ಹೀಗೆ ಮನ್ನಿಸಿದ ಸಂಗತಿ ನಮ್ಮ ಶಾಲೆಯ ಮಕ್ಕಳಿಗೂ ತಿಳಿದಿರಬೇಕು.

ಹೋಗುವವರು ರೈಲಿನಿಂದಿಳಿದವರೇ ನದಿಯ ನಡುಗಡ್ಡೆಯ ಮರಗಳ ಸಾಲಿನಲ್ಲಿ ನಿಧಾನವಾಗಿ ನಡೆಯಿರಿ. ಉದ್ದನೆಯ ಗಳು ಊರಿ ನೂಕುವ ದೋಣಿಗಳು ಕೆಳಗೆ ಸಾಗುತ್ತಿರುತ್ತವೆ, ಎದುರು ದಡದಲ್ಲಿ ಆ ಹಳದಿ ಗೋಪುರ ಕಾಣುತ್ತದೆ.